ಪಕ್ಕದ ಸೀಟಿನಡಿಯ ತಕ್ಕಡಿ

ಕಾರಿನಲ್ಲಿ ಚಾಲಕನ ಪಕ್ಕದ ಸೀಟಿನೊಳಗೆ ಅಡಗಿದ್ದು, ಅಲ್ಲಿ ಕುಳಿತವರ ಭಾರವನ್ನು ತೂಗಿ ಏರ್‌ಬ್ಯಾಗ್ ಉಬ್ಬಬೇಕೋ ಬೇಡವೋ ಎಂಬುದಕ್ಕೆ ಆಧಾರ ಒದಗಿಸುವ ಸೆನ್ಸರ್, ಏರ್‌ಬ್ಯಾಗಿನ ಜೊತೆಗೇ ಹುಟ್ಟಿದ ಸಾಧನವಲ್ಲ; ಜೀವ ಉಳಿಸಬೇಕಾದ ಚೀಲವೇ ಜೀವ ತೆಗೆದ ಮೇಲೆ ಬಂದದ್ದು. ಅಪಘಾತದ ಕ್ಷಣದಲ್ಲಿ ಅನಿಲ ತುಂಬಿಕೊಂಡು ತಲೆ-ಎದೆಗಳಿಗೆ ಮೆತ್ತೆಯಾಗುವ ಈ ಚೀಲಕ್ಕೆ ಅಮೆರಿಕದ ಜಾನ್ ಹೆಟ್ರಿಕ್ 1953ರಲ್ಲಿಯೇ ಪೇಟೆಂಟ್ ಪಡೆದರೂ, ಜನರಿಗೆ ಮಾರುವ ಕಾರಿನಲ್ಲಿ ಅದು ಕಾಣಿಸಿಕೊಂಡದ್ದು 1973ರ ಓಲ್ಡ್ಸ್‌ಮೊಬೈಲ್ ಟೊರೊನಾಡೊದಲ್ಲಿ. ಮುಂದಿನ ಎರಡೂ ಸೀಟುಗಳಿಗೆ ಅದನ್ನು ಕಡ್ಡಾಯಗೊಳಿಸಿದ 1991ರ ಅಮೆರಿಕದ ಕಾಯಿದೆ, 1998ರ ಮಾದರಿಯ ಕಾರುಗಳಿಗೆ ಪೂರ್ಣವಾಗಿ ಅನ್ವಯವಾಯಿತು.

ಸೀಟ್ ಬೆಲ್ಟ್ ಕಟ್ಟಿಕೊಳ್ಳದ ಸಾಧಾರಣ ಗಾತ್ರದ ಗಂಡಸನ್ನೂ ಗಂಟೆಗೆ 48 ಕಿಲೋಮೀಟರ್ ವೇಗದ ಡಿಕ್ಕಿಯಲ್ಲಿ ತಡೆಯಬೇಕೆಂಬುದು ಅಂದಿನ ಪರೀಕ್ಷೆಯ ನಿಯಮವಾಗಿದ್ದುದರಿಂದ, ಚೀಲವು ಕಣ್ಣೆವೆ ಮಿಟುಕುವುದರೊಳಗೆ ಭಾರಿ ರಭಸದಿಂದ ಬಿಚ್ಚಿಕೊಳ್ಳುತ್ತಿತ್ತು. ಆ ರಭಸ ಮುಂದಿನ ಸೀಟಿನ ಮಕ್ಕಳಿಗೆ, ಅದರಲ್ಲೂ ಡ್ಯಾಶ್‌ಬೋರ್ಡಿಗೆ ಬೆನ್ನು ಮಾಡಿ ಕೂರಿಸಿದ ಹಸುಗೂಸುಗಳಿಗೆ ಮಾರಕವಾಯಿತು. 1990ರಿಂದ 2008ರವರೆಗೆ, ಬದುಕಿ ಉಳಿಯಬಹುದಾಗಿದ್ದ ಕಡಿಮೆ ವೇಗದ ಅಪಘಾತಗಳಲ್ಲಿ ಏರ್‌ಬ್ಯಾಗಿನಿಂದಲೇ 290ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಮೆರಿಕದಲ್ಲಿ ಲೆಕ್ಕವಿದೆ. ಎಲ್ಲ ಪ್ರಯಾಣಿಕರನ್ನೂ ಒಬ್ಬನೇ ಗಂಡಸಿನ ಅಳತೆಗೆ ಇಳಿಸಿದ್ದು ಮೂಲದ ತಪ್ಪು. ಶಿಶು, ಮೂರು ಮತ್ತು ಆರು ವರ್ಷದ ಮಕ್ಕಳು, ಸಣ್ಣ ಮೈಕಟ್ಟಿನ ಹೆಂಗಸು, ಇವರ ಬೊಂಬೆಗಳನ್ನೂ ಪರೀಕ್ಷೆಗೆ ಸೇರಿಸಿದ 2000ದ ನಿಯಮವು 2003ರಿಂದ 2006ರೊಳಗೆ ಹಂತಹಂತವಾಗಿ ಜಾರಿಗೆ ಬಂದು, ಸೀಟಿನಡಿ ತಕ್ಕಡಿಯನ್ನು ತಂದಿಟ್ಟಿತು.

ಕೆಲವು ಕಾರುಗಳಲ್ಲಿ ಇದು ಕುಶನ್ನಿನ ಕೆಳಗಿರುವ, ದ್ರವ ತುಂಬಿದ ತೆಳು ಚೀಲ ಮತ್ತು ಅದರ ಒತ್ತಡವನ್ನು ಅಳೆಯುವ ಮಾಡ್ಯೂಲ್. ಇನ್ನು ಕೆಲವುಗಳಲ್ಲಿ ಸೀಟಿನ ಕಾಲುಗಳಿಗೆ ಕೂರಿಸಿದ ಭಾರಮಾಪಕ. ಬೆಲ್ಟನ್ನು ಬಿಗಿಯಾಗಿ ಎಳೆದು ಕಟ್ಟಿದ ಮಕ್ಕಳ ಸೀಟು ಕುಶನ್ನನ್ನು ಅದುಮಿ ದೊಡ್ಡವರ ತೂಕವನ್ನೇ ತೋರಿಸಬಲ್ಲದಾದ್ದರಿಂದ, ಬೆಲ್ಟಿನ ಬಿಗಿತವನ್ನು ಅಳೆಯಲು ಮತ್ತೊಂದು ಸೆನ್ಸರನ್ನೂ ಸೇರಿಸಬೇಕಾಯಿತು.

ಈ ಮಾಡ್ಯೂಲನ್ನು ಬದಲಿಸುವ ಕ್ರಮದಲ್ಲಿಯೂ ಅದೇ ಎಚ್ಚರವಿದೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಋಣ ತಂತಿಯನ್ನು ಕಳಚಿದ ಮೇಲೂ ತಯಾರಕರ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕಾಗುತ್ತದೆ. ಏಕೆಂದರೆ ಡಿಕ್ಕಿಯಲ್ಲಿ ಬ್ಯಾಟರಿ ಕಡಿದುಹೋದರೂ ಚೀಲ ಉಬ್ಬಲೆಂದು ಕೆಪಾಸಿಟರ್ ಸ್ವಲ್ಪ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಏರ್‌ಬ್ಯಾಗಿನ ಜಾಲದ ಗುರುತಾದ ಹಳದಿ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿ ನೋಡುವುದು ನಿಷಿದ್ಧ. ಕುಶನ್, ಚೀಲ, ಮಾಡ್ಯೂಲ್ ಮೂರನ್ನೂ ಒಟ್ಟಿಗೆ ಹೊಂದಿಸಿ ಕೊಟ್ಟಿರುವ ಕಡೆ ಒಂದನ್ನೇ ಬದಲಿಸುವಂತಿಲ್ಲ. ಕೊನೆಗೆ, ಅಂಗಡಿಯವನು ಖಾಲಿ ತಕ್ಕಡಿಯ ಮುಳ್ಳನ್ನು ನೋಡಿಕೊಳ್ಳುವಂತೆ, ಸೀಟನ್ನು ಖಾಲಿ ಇಟ್ಟು ಸ್ಕ್ಯಾನರ್‌ನಿಂದ ಸೊನ್ನೆಗೆ ಹೊಂದಿಸಬೇಕು.

ಭಾರತದಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ ಕಡ್ಡಾಯವಾದದ್ದು 2021ರ ಏಪ್ರಿಲ್ 1ರಿಂದ. ಇಲ್ಲಿನ ಕೆಲವು ಕಾರುಗಳಲ್ಲಿ ತಕ್ಕಡಿಯ ಬದಲು ಕೀಲಿಯಿಂದ ತಿರುಗಿಸುವ ಸ್ವಿಚ್ ಇರುತ್ತದೆ. ಮಗುವನ್ನು ಹಿಮ್ಮುಖವಾಗಿ ಮುಂದೆ ಕೂರಿಸಲೇಬೇಕಾಗಿ ಬಂದಾಗ ಅದನ್ನು ಆಫ್ ಮಾಡುವ ಹೊಣೆ ಚಾಲಕನದು.