ಸೈಲೆನ್ಸರ್ ಬದಲಿಸೋ ಮುಂಚೆ ಒಂದು ಕಥೆ

ದುಬೈನ ಕರಾಮಾದಲ್ಲಿ ರಾತ್ರಿ ಊಟ ಮುಗಿಸಿ ಬಾಲ್ಕನಿಗೆ ಬಂದ್ರೆ ನಿಮಗೂ ಕೇಳಿಸಿರತ್ತೆ: ಸಣ್ಣ ಬೈಕು, ದೊಡ್ಡ ಸದ್ದು. ಹೋದ ತಿಂಗಳು ಪಕ್ಕದ ಫ್ಲ್ಯಾಟಿನ ಕನ್ನಡದ ಹುಡುಗ ಬಂದು, "ಅಣ್ಣಾ, ನನ್ನ 150 ಸಿಸಿ ಗಾಡಿಗೆ ಬೇರೆ ಎಕ್ಸಾಸ್ಟ್ ಹಾಕಿಸ್ಲಾ? ಪವರ್ ಜಾಸ್ತಿ ಆಗತ್ತಂತೆ" ಅಂದ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ಅವನ ಆ "ಅಂತೆ"ಯ ಹಿಂದೆ ನಿಜವಾದ ಒಂದು ಇತಿಹಾಸ ಇದೆ. ಇವತ್ತು ನಿಮಗೆ ಹೇಳೋದು ಅದನ್ನೇ.

1950ರ ದಶಕದ ಪೂರ್ವ ಜರ್ಮನಿಗೆ ಹೋಗೋಣ. ಎಂಜೆಡ್ ಅನ್ನೋ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಇದ್ದರು. ಅವರ ಕೈಲಿದ್ದದ್ದು ಟೂ-ಸ್ಟ್ರೋಕ್ ಎಂಜಿನ್. ಇದರಲ್ಲೊಂದು ತೊಂದರೆ. ಹೊಗೆ ಹೊರಗೆ ಹೋಗೋ ಕಿಂಡಿ ಇನ್ನೂ ತೆರೆದಿರುವಾಗಲೇ ಹೊಸ ಪೆಟ್ರೋಲ್ ಮತ್ತು ಗಾಳಿ ಒಳಗೆ ಬರತ್ತೆ. ಅದರಲ್ಲಿ ಒಂದಷ್ಟು ಉರಿಯದೇ ಹೊಗೆಯ ಜೊತೆ ಹೊರಟುಹೋಗತ್ತೆ.

ಕಾಡೆನ್ ಉತ್ತರ ಹುಡುಕಿದ್ದು ಎಂಜಿನ್ನಿನ ಒಳಗಲ್ಲ, ಹೊಗೆಕೊಳವೆಯಲ್ಲಿ. ಕೊಳವೆ ಮೊದಲು ಅಗಲವಾಗಿ, ಮಧ್ಯೆ ಹೊಟ್ಟೆ ಉಬ್ಬಿ, ಕೊನೆಯಲ್ಲಿ ಕಿರಿದಾಗಬೇಕು. ಹೊರಟ ಒತ್ತಡದ ಅಲೆ ಆ ಕಿರಿದಾದ ತುದಿಗೆ ಬಡಿದು ವಾಪಸ್ ಬಂದು, ತಪ್ಪಿಸಿಕೊಳ್ಳುತ್ತಿದ್ದ ಪೆಟ್ರೋಲನ್ನು ಮತ್ತೆ ಸಿಲಿಂಡರಿನೊಳಗೆ ತಳ್ಳತ್ತೆ. ನಿಮಿಷಕ್ಕೆ 10,000 ಸುತ್ತು ತಿರುಗೋ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸಿಗೋದು 6 ಮಿಲಿಸೆಕೆಂಡ್. ಅಲೆ ಹೋಗಿ ಬರೋಕೆ ಹೆಚ್ಚುಕಡಿಮೆ ಅದರಲ್ಲಿ ಅರ್ಧ. ಕೊಳವೆಯ ಉದ್ದ ಕೆಲವೇ ಸೆಂಟಿಮೀಟರ್ ಹೆಚ್ಚುಕಡಿಮೆಯಾದ್ರೂ ಅಲೆ ಹೊತ್ತು ತಪ್ಪಿ ಬರತ್ತೆ. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಹಾರ್ಸ್‌ಪವರ್ ಕೊಡ್ತಿತ್ತು.

ಅದೇ ವರ್ಷ ಸ್ವೀಡನ್‌ನಲ್ಲಿ ರೇಸ್ ನಡೆದಾಗ ಎಂಜೆಡ್‌ನ ಸವಾರ ಅರ್ನ್‌ಸ್ಟ್ ಡೆಗ್ನರ್ ಪೂರ್ವ ಜರ್ಮನಿಗೆ ವಾಪಸ್ ಹೋಗಲೇ ಇಲ್ಲ. ಪಶ್ಚಿಮಕ್ಕೆ ತಪ್ಪಿಸಿಕೊಂಡು, ಆಮೇಲೆ ಜಪಾನಿನ ಸುಜುಕಿಯನ್ನು ಸೇರಿದರು. ಕಾಡೆನ್‌ರ ವಿದ್ಯೆಯೂ ಅವರ ಜೊತೆ ಹೋಯಿತು. 1962ರಲ್ಲಿ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ಕೊಳವೆಯ ಗುಟ್ಟು ಕ್ರಮೇಣ ಟೂ-ಸ್ಟ್ರೋಕ್ ಲೋಕಕ್ಕೆಲ್ಲ ಹರಡಿತು.

ಈಗ ನಮ್ಮೂರಿಗೆ ಬನ್ನಿ. 1960ರ ದಶಕದ ಆರಂಭದಲ್ಲೇ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದ ಜಾವಾ, ಆಮೇಲೆ ಯೆಜ್ಡಿ. ಮೈಸೂರಿನ ಕಿವಿಗೆ ಟೂ-ಸ್ಟ್ರೋಕ್ ಸದ್ದಿನ ರುಚಿ ಹತ್ತಿದ್ದು ಹಾಗೆ. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು: 98 ಸಿಸಿ, 11 ಹಾರ್ಸ್‌ಪವರ್. ಅದಕ್ಕೆ ಹೊರಗಿನ ಸೈಲೆನ್ಸರ್ ಹಾಕಿಸೋದು ಹುಡುಗರ ಹುಚ್ಚಾಯ್ತು.

ಆ ಹುಚ್ಚು ನನಗೂ ಹಿಡಿದಿತ್ತು. ಕಾಲೇಜಿನಲ್ಲಿದ್ದಾಗ ಸೋದರಮಾವನ ಆರ್‌ಎಕ್ಸ್ 100ಗೆ ಕೇಳದೇ ಒಂದು "ಚೇಂಬರ್" ಹಾಕಿಸಿದೆ. ತಗಡು ಬಾಗಿಸಿ ವೆಲ್ಡ್ ಮಾಡಿದ್ದು. ಆಕಾರ ಕಾಡೆನ್‌ರದ್ದೇ, ಅಳತೆ ಮಾತ್ರ ಯಾರದ್ದೂ ಅಲ್ಲ. ಕಂಪನಿಯ ಸೈಲೆನ್ಸರನ್ನು ಗುಜರಿಗೆ ಹಾಕಿ ಸಿಕ್ಕ ದುಡ್ಡಲ್ಲಿ ದೋಸೆ ತಿಂದೆ. ಗಾಡಿ ಊರೆಲ್ಲ ಕೇಳೋ ಹಾಗೆ ಕೂಗ್ತು, ಆದ್ರೆ ಚಾಮುಂಡಿಬೆಟ್ಟ ಹತ್ತೋಕೆ ಏದುಸಿರು ಬಿಡ್ತು.

ಮಾವ ಬೈಯಲಿಲ್ಲ. ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಹೊರಡೋರು. ಅವತ್ತಿಂದ ಬೀದಿ ಕೊನೆವರೆಗೂ ಗಾಡಿ ತಳ್ಳಿಕೊಂಡು ಹೋಗಿ, ಅಲ್ಲಿ ಕಿಕ್ ಹೊಡೆಯೋಕೆ ಶುರು ಮಾಡಿದರು. ಅಂಥ ಒರಿಜಿನಲ್ ಸೈಲೆನ್ಸರ್ ನನಗೆ ಮತ್ತೆ ಸಿಗಲೇ ಇಲ್ಲ.

ನಮ್ಮ ಕರಾಮಾದ ಹುಡುಗನ ಗಾಡಿ ಫೋರ್-ಸ್ಟ್ರೋಕ್. ಅದರಲ್ಲಿ ಹೊಗೆಯ ಬಾಗಿಲನ್ನು ವಾಲ್ವ್ ಮುಚ್ಚತ್ತೆ. ಪೆಟ್ರೋಲನ್ನು ವಾಪಸ್ ತಳ್ಳೋಕೆ ಹೊಟ್ಟೆ ಉಬ್ಬಿದ ಕೊಳವೆ ಬೇಕಿಲ್ಲ. ಸರಿಯಾಗಿ ಅಳೆದು ಮಾಡಿದ ಎಕ್ಸಾಸ್ಟ್‌ನಿಂದ ಸ್ವಲ್ಪ ಲಾಭ ಇರಬಹುದು, ಆದ್ರೆ ಪೆಟ್ರೋಲಿನ ಪ್ರಮಾಣವನ್ನೂ ಅದಕ್ಕೆ ಹೊಂದಿಸಬೇಕು. ಬರೀ ಕೊಳವೆ ಬದಲಿಸಿದ್ರೆ ಮುಖ್ಯವಾಗಿ ಹೆಚ್ಚೋದು ಸದ್ದು. ಸದ್ದು ಹೆಚ್ಚಾದಾಗ ಗಾಡಿ ಜೋರಾಗಿ ಓಡ್ತಿದೆ ಅಂತ ನಮ್ಮ ಕಿವಿಯೇ ನಮಗೆ ಸುಳ್ಳು ಹೇಳತ್ತೆ.

ಇಲ್ಲಿ ಆ ಸುಳ್ಳಿಗೆ ಬೆಲೆಯೂ ಇದೆ. ಯುಎಇಯ 2017ರ ಸಂಚಾರ ನಿಯಮಗಳ ಪ್ರಕಾರ ಗದ್ದಲದ ವಾಹನ ಓಡಿಸಿದ್ರೆ 2,000 ದಿರ್ಹಮ್ ದಂಡ, 12 ಬ್ಲ್ಯಾಕ್ ಪಾಯಿಂಟ್. 24 ತುಂಬಿದ್ರೆ ಲೈಸೆನ್ಸ್ ಅಮಾನತು. ದುಬೈ ಇರಲಿ, ಅಬುಧಾಬಿ ಇರಲಿ, ಬೈಕಲ್ಲಿ ಊಟ ತಲುಪಿಸಿ ಬದುಕೋ ಒಬ್ಬರಿಗೆ ಎರಡು ಸಲ ಸಿಕ್ಕಿಬಿದ್ರೆ ಕೆಲಸವೇ ಹೋಗಬಹುದು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಕಾಡೆನ್ ಕಥೆ ಅವನಿಗೆ ಇಷ್ಟವಾಯ್ತು. ದಂಡದ ಲೆಕ್ಕ ಕೇಳಿ ಮುಖ ಸಣ್ಣದಾಯ್ತು. ಆದ್ರೆ ಅವನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮಾವ ಎಷ್ಟು ದಿನ ಹಾಗೆ ತಳ್ಳಿದ್ರು?"

ನಾನು ಮೈಸೂರು ಬಿಡೋವರೆಗೂ ತಳ್ಳುತ್ತಲೇ ಇದ್ದರು.