ಮದರಸದ ಬಾಗಿಲಲ್ಲಿ ಪರೀಕ್ಷಕರು

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿ ಆನಂದಪುರ ಸಿಕ್ಕುವುದು. ಚರಿತ್ರೆಯನ್ನು ಬಲ್ಲವರು ಅದನ್ನು ಕೆಳದಿಯ ನಾಯಕರೊಡನೆ ನೆನೆಯುವರು. ಈ ಹೊತ್ತು ನಮಗೆ ಬೇಕಾದುದು ಅದಲ್ಲ. ಆನಂದಪುರವು ಸಾಗರ ತಾಲ್ಲೋಕಿನ ಒಂದು ಹೋಬಳಿಯೆಂಬ ಸಾಧಾರಣ ಸಂಗತಿ. 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮೈಸೂರು ಸೀಮೆಗೆ ಹಾಕಿಕೊಟ್ಟವರು ಬಿ. ಎಲ್. ರೈಸ್ ಸಾಹೇಬರು. ನಮ್ಮ ಶಾಸನಗಳನ್ನು ಅಚ್ಚು ಮಾಡಿಸಿದ ರೈಸರೂ ಇವರೇ. ಸರ್ಕಾರದ ಶಾಲೆಯ ಹಿಂದೆಯೇ ಇನ್‌ಸ್ಪೆಕ್ಟರರ ತಪಾಸಣೆಯೂ ಬಂದಿತು. ಮಸೀದಿಯ ಮಗ್ಗುಲಲ್ಲಿ ಕುಳಿತು ಮಕ್ಕಳಿಗೆ ಕುರಾನು ಓದಿಸುವ ಪಾಠವಾದರೋ ಬಹುಮಟ್ಟಿಗೆ ಅದರ ಹೊರಗೇ ಉಳಿಯಿತು.

ಬ್ರಿಟಿಷ್ ಇಂಡಿಯಾದಲ್ಲಿ ಈ ತೊಡಕನ್ನು 1882ರ ಹಂಟರ್ ಆಯೋಗವು ವಿಚಾರಿಸಿತು. ಮುಸಲ್ಮಾನರ ದೇಶೀಯ ಪಾಠಶಾಲೆಗಳು ಲೌಕಿಕ ವಿಷಯಗಳನ್ನೂ ಸೇರಿಸಿಕೊಳ್ಳುವಂತೆ ಪ್ರೋತ್ಸಾಹಿಸಬೇಕು, ತನಿಖೆಗೆ ಮುಸಲ್ಮಾನ ಅಧಿಕಾರಿಗಳನ್ನು ಹೆಚ್ಚಾಗಿ ನೇಮಿಸಬೇಕು ಎಂದು ಅದು ಶಿಫಾರಸು ಮಾಡಿತು. ಎರಡನೆಯ ಮಾತು ವಿವೇಕದ್ದು. ಅರಬ್ಬಿಯ ಅಕ್ಷರವನ್ನರಿಯದವರು ಆ ಪಾಠವನ್ನು ಹೇಗೆ ಪರೀಕ್ಷಿಸಿಯಾರು? ಹಾಜರಿಪಟ್ಟಿಯನ್ನು ಎಣಿಸಿಯಾರು, ಅಷ್ಟೆ. ಎಣಿಸಿ ಹೋಗುವ ತನಿಖೆಯನ್ನು ಅಧ್ಯಾಪಕರಾದ ನಾವು ಬೇಕಾದಷ್ಟು ಕಂಡಿದ್ದೇವೆ!

ಈ ಕೆಲಸವನ್ನು ಸಮುದಾಯವೇ ಕೈಗೆತ್ತಿಕೊಂಡ ನಿದರ್ಶನವು ಘಟ್ಟವಿಳಿದರೆ ದೊರೆಯುವುದು. 1926ರಲ್ಲಿ ಹುಟ್ಟಿದ ಸಮಸ್ತ ಕೇರಳ ಜಮೀಯತುಲ್ ಉಲಮಾ ಎಂಬ ವಿದ್ವಾಂಸರ ಸಭೆಯು 1951ರಲ್ಲಿ ಮತವಿದ್ಯಾಭ್ಯಾಸಕ್ಕೆಂದೇ ಒಂದು ಮಂಡಳಿಯನ್ನು ಏರ್ಪಡಿಸಿತು. ಕಾಸರಗೋಡು, ದಕ್ಷಿಣ ಕನ್ನಡಗಳ ಅನೇಕ ಮದರಸಗಳೂ ಅದರ ಅಂಗೀಕಾರ ಪಡೆದವು. ಎಲ್ಲಕ್ಕೂ ಒಂದೇ ಪಠ್ಯಕ್ರಮ. 5, 7, 10ನೆಯ ತರಗತಿಗಳಲ್ಲಿ ಒಂದೇ ಸಾರ್ವಜನಿಕ ಪರೀಕ್ಷೆ. ಮಂಡಳಿಯ ತನಿಖಾಧಿಕಾರಿಗೆ ಮುಫತ್ತಿಷ್ ಎಂದು ಹೆಸರು. ಅವರು ಮತವಿದ್ಯೆಯಲ್ಲಿ ಪಳಗಿದವರು. ಮಕ್ಕಳ ಓದನ್ನು ಕಿವಿಗೊಟ್ಟು ಕೇಳಬಲ್ಲರು. ಕುರಾನಿನ ಓದಿಗೆ ತಜ್ವೀದ್ ಎಂಬ ಉಚ್ಚಾರಣಶಾಸ್ತ್ರವೇ ಉಂಟು. ಕಂಠದ ಆಳದಿಂದ ಹೊರಡಬೇಕಾದ ಒಂದು ಅಕ್ಷರವನ್ನು ನಮ್ಮ ಕಕಾರದಂತೆ ನುಡಿದರೆ ಅರಬ್ಬಿಯಲ್ಲಿ ಹೃದಯವೆಂಬ ಶಬ್ದವು ನಾಯಿಯಾಗಿಬಿಡುವುದು. ಇದನ್ನು ಹಿಡಿಯಲು ಹಾಜರಿಪಟ್ಟಿ ಸಾಲದು.

ಆದರೂ ಕಿವಿಗೆ ಸಿಕ್ಕದ ತಪ್ಪೊಂದಿದೆ. ಬ್ಯಾರಿ ಮಗುವಿಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ. ಮಂಡಳಿಯ ಪುಸ್ತಕಗಳಾದರೋ ಮೊದಲು ಅರಬ್ಬಿ ಲಿಪಿಯಲ್ಲಿ ಬರೆದ ಮಲೆಯಾಳದಲ್ಲಿದ್ದವು. ಓದು ಶುದ್ಧವಾಗಿದ್ದೂ ಅರ್ಥವು ಶೂನ್ಯವಾಗಬಹುದು. ಮುಂದೆ ಕನ್ನಡದ ಪಠ್ಯಗಳೂ ಬಂದುದು ನಮ್ಮೆಣಿಕೆಯಲ್ಲಿ ಎಷ್ಟೋ ತಪಾಸಣೆಗಳಿಗಿಂತ ಹೆಚ್ಚಿನ ಸುಧಾರಣೆ. ಸರ್ಕಾರವಂತೂ ಇಲ್ಲಿ ದೂರ ಸರಿದಿದೆ: ಶಿಕ್ಷಣದ ಹಕ್ಕಿನ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು ಮದರಸಗಳನ್ನೂ ವೇದಪಾಠಶಾಲೆಗಳನ್ನೂ ಅದರ ವ್ಯಾಪ್ತಿಯ ಹೊರಗಿಟ್ಟಿತು. ಆ ಮಗುವಿಗೆ ಅರ್ಥವಾಯಿತೇ ಎಂದು ಕೇಳುವ ಹೊಣೆಯು ಹೀಗೆ ಮುಫತ್ತಿಷರ ಮೇಲೆಯೇ ನಿಂತಿದೆ.