ಡಬ್ಲ್ಯುಗೆಟ್ ಮತ್ತು ನನ್ನ ಅರ್ಧಂಬರ್ಧ ಡೌನ್‌ಲೋಡುಗಳು

ಇಂಜಿನಿಯರಿಂಗ್ ಎರಡನೇ ವರ್ಷದ ಮಾತು. ಹಾಸ್ಟೆಲಿನಲ್ಲಿ ಲಿನಕ್ಸ್‌ನ ಐಎಸ್‌ಒ ಇಳಿಸ್ಕೊಳ್ತಿದ್ದೆ. ತೊಂಬತ್ತು ಪರ್ಸೆಂಟ್ ಆಗಿತ್ತು, ಕರೆಂಟ್ ಹೋಯ್ತು. ವಾಪಸ್ ಬಂದ ಮೇಲೆ ನೋಡಿದರೆ ಬ್ರೌಸರ್ ಸೊನ್ನೆಯಿಂದ ಶುರು! ನನ್ನ ಮುಖ ನೋಡಲಾರದೆ ಪಕ್ಕದ ರೂಮಿನ ಸೀನಿಯರ್ ಕಪ್ಪು ಪರದೆ ತೆರೆದು, 'ಡಬ್ಲ್ಯುಗೆಟ್ ಹೈಫನ್ ಸಿ' ಅಂತ ಒತ್ತಿ, ಮುಂದೆ ವಿಳಾಸ ಅಂಟಿಸಿ ಹೋದ. ಆ ರಾತ್ರಿ ಇನ್ನೆರಡು ಸಲ ಕರೆಂಟ್ ಹೋಯ್ತು. ಎರಡು ಸಲವೂ ಅದೇ ಸಾಲು ಮತ್ತೆ ಒತ್ತಿದೆ, ನಿಂತಲ್ಲಿಂದಲೇ ಮುಂದುವರಿಯಿತು.

ಇದನ್ನ ಬರೆದ ಪುಣ್ಯಾತ್ಮ ಯಾರು ಅಂತ ಆಮೇಲೆ ಹುಡುಕಿದೆ. ಕ್ರೊಯೇಷಿಯಾದ ಹ್ರ್ವೋಯೆ ನಿಕ್ಷಿಚ್. 1996ರ ಜನವರಿಯಲ್ಲಿ ಬಂದಾಗ ಇದರ ಹೆಸರು ಜೆಟ್‌ಯುಆರ್‌ಎಲ್ ಅಲ್ಲ ಮಾರಾಯ್ರೆ, ಗೆಟ್‌ಯುಆರ್‌ಎಲ್ :-) ಅಮಿಗಾ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಪ್ರೋಗ್ರಾಂ ಮೊದಲೇ ಇದ್ದದ್ದು ಗೊತ್ತಾಗಿ ಡಬ್ಲ್ಯುಗೆಟ್ ಆಯ್ತು. ಆಗೆಲ್ಲ ಡಯಲ್-ಅಪ್ ಕಾಲ. ನಿಧಾನದ, ಆಗಾಗ ಕಡಿದುಹೋಗುವ ಸಂಪರ್ಕಕ್ಕೆಂದೇ ಇದನ್ನು ಕಟ್ಟಿದ್ದು ಅಂತ ಇದರ ಕೈಪಿಡಿಯೇ ಹೇಳುತ್ತೆ. ನಮ್ಮ ಹಾಸ್ಟೆಲ್ ನೋಡಿಯೇ ಬರೆದ ಹಾಗಿದೆ!

ಫೈಲ್ ಸಾಗಿಸುವ ಚಿಂತೆ ವೆಬ್‌ಗಿಂತ ಹಳೆಯದು. 1971ರ ಏಪ್ರಿಲ್‌ನಲ್ಲಿ ಎಫ್‌ಟಿಪಿಯ ಮೊದಲ ಕರಡು ಬರೆದವರು ಕಾನ್ಪುರ ಐಐಟಿಯ ಮೊದಲ ಬ್ಯಾಚಿನ ಅಭಯ್ ಭೂಷಣ್. ಆಗ ಅವರು ಎಂಐಟಿಯಲ್ಲಿದ್ದರು. ಇನ್ನು ಡಬ್ಲ್ಯುಗೆಟ್‌ನ ದಾಯಾದಿ ಕರ್ಲ್, ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರದ್ದು. ಚಾಟ್ ಬಾಟ್ ಒಂದಕ್ಕೆ ಕರೆನ್ಸಿ ದರ ತರಿಸೋಕೆ ಅಂತ ಬ್ರೆಜಿಲಿನವರೊಬ್ಬರ ಪುಟ್ಟ ಪ್ರೋಗ್ರಾಂ ಎತ್ತಿಕೊಂಡು ತಿದ್ದುತ್ತಾ ಹೋದರು. 1998ರ ಮಾರ್ಚಿನಲ್ಲಿ ಅದಕ್ಕೆ ಕರ್ಲ್ ಅಂತ ಹೆಸರಾಯ್ತು.

'ಹೈಫನ್ ಸಿ'ಯಲ್ಲಿ ಮಂತ್ರ ಏನೂ ಇಲ್ಲ. ಡಿಸ್ಕಿನಲ್ಲಿರುವ ತುಂಡು ಎಷ್ಟು ಬೈಟ್ ಅಂತ ನೋಡಿ, 'ಇಲ್ಲಿಂದ ಮುಂದಕ್ಕೆ ಕೊಡಪ್ಪ' ಅಂತ ಸರ್ವರನ್ನು ಕೇಳುತ್ತೆ. ಸರ್ವರ್ ಒಪ್ಪಿದರೆ 206 ಅನ್ನೋ ಉತ್ತರದ ಜೊತೆ ಉಳಿದದ್ದನ್ನು ಕಳಿಸುತ್ತೆ. ಅಷ್ಟೆ. ಆದರೆ ಅದು ನೋಡೋದು ಅಳತೆ ಮಾತ್ರ, ಒಳಗಿನ ಹೂರಣ ಅಲ್ಲ. ಇದು ತಿಳಿಯದೆ ಒಮ್ಮೆ, ದಿನಾ ಬದಲಾಗುವ ಟೆಸ್ಟಿಂಗ್ ಐಎಸ್‌ಒ ಒಂದನ್ನು ಇವತ್ತು ಅರ್ಧ, ನಾಳೆ ಅರ್ಧ ಇಳಿಸಿಕೊಂಡೆ. ತಲೆ ನಿನ್ನೆಯದು, ಬಾಲ ಇವತ್ತಿನದು! ಬೂಟ್ ಆಗ್ತಿಲ್ಲ ಅಂತ ಎರಡು ದಿನ ಲ್ಯಾಪ್‌ಟಾಪಿಗೆ ಬೈದೆ. ಆಮೇಲಿಂದ ಚೆಕ್‌ಸಮ್ ತಾಳೆ ನೋಡದೆ ಯಾವ ಐಎಸ್‌ಒನೂ ಮುಟ್ಟಿಲ್ಲ.